ಇಲ್ಲದ ಹುಳವೂ ಇರುವ ಬಿ.ಪಿ.ಯೂ

1883ರಲ್ಲಿ ಬೆಂಗಳೂರಿನ ದಂಡು ಪ್ರದೇಶಕ್ಕೆ ಬಂದ ಸೇನಾ ವೈದ್ಯ ರೊನಾಲ್ಡ್ ರಾಸ್‌ಗೆ ಆಗಿನ್ನೂ ಇಪ್ಪತ್ತಾರು ವರ್ಷ. ಸಿಕ್ಕ ಬಂಗಲೆ ಹಿಡಿಸಿತು, ಅಲ್ಲಿನ ಸೊಳ್ಳೆ ಹಿಡಿಸಲಿಲ್ಲ. ಎಲ್ಲಿಂದ ಬರುತ್ತಿವೆ ಎಂದು ಹುಡುಕಿದರೆ ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಸೊಳ್ಳೆಮರಿಗಳು ಕುಣಿಯುತ್ತಿದ್ದವು. ಪೀಪಾಯಿ ಮಗುಚಿ ಹಾಕಿದರು, ಕಾಟ ತಗ್ಗಿತು. ಇದೇ ಉಪಾಯವನ್ನು ಅಧಿಕಾರಿಗಳ ಮೆಸ್ಸಿಗೂ ಹೇಳಿದಾಗ ಅಲ್ಲಿನ ಅಡ್ಜುಟೆಂಟ್ ಒಪ್ಪಲಿಲ್ಲ. ಸೊಳ್ಳೆಯೂ ಯಾವುದೋ ಉದ್ದೇಶಕ್ಕೇ ಹುಟ್ಟಿರುತ್ತದೆ, ಸಹಿಸಿಕೊಳ್ಳುವುದು ನಮ್ಮ ಕರ್ತವ್ಯ ಎಂಬ ಧಾಟಿಯ ಉತ್ತರ ಬಂತಂತೆ. ರಾಸ್ ತಮ್ಮ ನೆನಪುಗಳಲ್ಲಿ ಬರೆದುಕೊಂಡ ಸಂಗತಿ ಇದು. ಹನ್ನೆರಡು ವರ್ಷಗಳ ನಂತರ, 1895ರಲ್ಲಿ, ಕಾಲರಾ ಹತೋಟಿಯ ಕೆಲಸಕ್ಕೆ ಅವರು ಮತ್ತೆ ಬೆಂಗಳೂರಿಗೆ ಬಂದರು. ಅಷ್ಟು ಹೊತ್ತಿಗೆ ಮಲೇರಿಯಾಕ್ಕೂ ಸೊಳ್ಳೆಗೂ ನಂಟಿದೆ ಎಂಬ ಗುಂಗು ತಲೆಗೇರಿತ್ತು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರಾವಲಂಬಿಯನ್ನು ಅವರು ಕಂಡದ್ದು, 1902ರಲ್ಲಿ ನೊಬೆಲ್ ಪಡೆದದ್ದು ಎಲ್ಲರಿಗೂ ಗೊತ್ತಿರುವ ಕಥೆ.

ರಾಸ್ ದಂಡಿನಲ್ಲಿ ಸೊಳ್ಳೆ ಕೊಯ್ಯುತ್ತಿದ್ದ ಕಾಲದಲ್ಲೇ, 1896ರಲ್ಲಿ, ಇಟಲಿಯ ಟ್ಯೂರಿನ್‌ನಲ್ಲಿ ಸಿಪಿಯೋನೆ ರಿವಾ-ರೊಚ್ಚಿ ಎಂಬ ವೈದ್ಯರು ತೋಳಿಗೆ ರಬ್ಬರ್ ಪಟ್ಟಿ ಸುತ್ತಿ, ಗಾಳಿ ಊದಿ, ಪಾದರಸದ ಕಂಬದಲ್ಲಿ ರಕ್ತದ ಒತ್ತಡ ಅಳೆಯುವ ಸಾಧನ ಮುಂದಿಟ್ಟರು. 1905ರಲ್ಲಿ ರಷ್ಯಾದ ನಿಕೊಲಾಯ್ ಕೊರೊಟ್ಕೊವ್ ಅದಕ್ಕೆ ಸ್ಟೆತಾಸ್ಕೋಪ್ ಜೋಡಿಸಿದರು. ಇವತ್ತು ಶಿವಾಜಿನಗರದ ಬೌರಿಂಗ್‌ಗೆ ಹೋಗಿ, ಗೋಷಾ ಆಸ್ಪತ್ರೆಗೆ ಹೋಗಿ, ಹಲಸೂರಿನ ಹೆರಿಗೆ ಆಸ್ಪತ್ರೆಗೋ ಕೆ.ಆರ್. ಪುರದ ಸರ್ಕಾರಿ ಆಸ್ಪತ್ರೆಗೋ ಹೋಗಿ, ಬಸುರಿಯರ ಸಾಲಿನ ಒಂದು ತುದಿಯಲ್ಲಿ ರಕ್ತದ ಹನಿ ತೆಗೆಯುವವರು, ಇನ್ನೊಂದು ತುದಿಯಲ್ಲಿ ತೋಳಿಗೆ ಪಟ್ಟಿ ಸುತ್ತುವವರು ಇರುತ್ತಾರೆ. ಆ ಹನಿಯಲ್ಲಿ ಹುಡುಕುವ ಜೀವಿಗೂ ಈ ಪಟ್ಟಿ ತೋರಿಸುವ ಅಂಕಿಗೂ ಸಂಬಂಧ ಇದೆಯೇ? ಮನೆಮಂದಿ ಇದನ್ನೇ ಬೇರೆ ಮಾತಿನಲ್ಲಿ ಕೇಳುತ್ತಾರೆ: ಹೊಟ್ಟೆಯಲ್ಲಿ ಹುಳ ಇದ್ದರೆ ಬಿ.ಪಿ. ಏರುತ್ತಾ ಡಾಕ್ಟ್ರೇ?

ಜಂತುಹುಳದಿಂದ ಏರುವುದಿಲ್ಲ. ಮಲೇರಿಯಾದ ವಿಷಯದಲ್ಲಿ ಉತ್ತರ ಅಷ್ಟು ಸಲೀಸಲ್ಲ.

ಮೊದಲು ಕಾಯಿಲೆಯ ಪರಿಚಯ. ಬಸಿರಿನ ಇಪ್ಪತ್ತು ವಾರ ದಾಟಿದ ಮೇಲೆ ಹೊಸದಾಗಿ ಬಿ.ಪಿ. 140/90 ಮುಟ್ಟಿ, ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಸೋರಿದರೆ, ಅಥವಾ ಯಕೃತ್ತು, ಮೂತ್ರಪಿಂಡ, ಪ್ಲೇಟ್‌ಲೆಟ್ ಲೆಕ್ಕ ಕೆಟ್ಟರೆ, ಅದು ಪ್ರೀ-ಎಕ್ಲಾಂಪ್ಸಿಯಾ. ಫಿಟ್ಸ್ ಬಂದರೆ ಎಕ್ಲಾಂಪ್ಸಿಯಾ. ಫಿಟ್ಸ್ ಬಂದ ಬಸುರಿಯರ ಮೂತ್ರ ಕಾಯಿಸಿದರೆ ಬಿಳಿ ಗಸಿ ಕಟ್ಟುತ್ತದೆ ಎಂದು ಲಂಡನ್ನಿನ ಗೈಸ್ ಆಸ್ಪತ್ರೆಯ ಜಾನ್ ಲಿವರ್ 1843ರಲ್ಲೇ ತೋರಿಸಿದ್ದರು. ಬಿ.ಪಿ. ಸಂಗತಿ ಸೇರಿಕೊಂಡದ್ದು ಪಟ್ಟಿ ಬಂದ ಮೇಲೆ. ಮಾಸು ಹೊರಬಿದ್ದ ಮೇಲೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಿದ್ದರು. ಹಾಗಾಗಿ ಗರ್ಭದಿಂದ ಏನೋ ವಿಷ ತಾಯಿಯ ರಕ್ತಕ್ಕೆ ಸೇರುತ್ತದೆ ಎಂದು ಹಳೆಯ ವೈದ್ಯರು ನಂಬಿದರು. ನಮ್ಮ ಆರೋಗ್ಯ ಪುಸ್ತಕಗಳಲ್ಲಿ ಅದು ಗರ್ಭನಂಜು ಆಯಿತು. ನಂಜು ಅಂದ ಮೇಲೆ ಅದನ್ನು ಕಕ್ಕುವ ಜೀವಿಯೊಂದು ಇರಬೇಕಲ್ಲ? ಹುಡುಕಾಟ ಶುರುವಾದದ್ದು ಹೀಗೆ.

1983ರಲ್ಲಿ ಅಮೆರಿಕದಲ್ಲಿ ಅದು ಸಿಕ್ಕೇಬಿಟ್ಟಿತು ಎಂದು ಸುದ್ದಿಯಾಯಿತು. ಷಿಕಾಗೋದ ಸಂಶೋಧಕರ ತಂಡವೊಂದು ಹೆಸರಾಂತ ಪ್ರಸೂತಿಶಾಸ್ತ್ರ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿ, ಗರ್ಭನಂಜಿನ ಹೆಂಗಸರಲ್ಲಿ ಹುಳದಂಥ ಜೀವಿ ಕಂಡಿದೆ ಎಂದಿತು. ಅದಕ್ಕೆ ನಾಮಕರಣವೂ ಆಯಿತು: ಹೈಡಟಾಕ್ಸಿ ಲುವಾಲ್ಬಾ. ಪ್ರಪಂಚದ ಪತ್ರಿಕೆಗಳು ಕೂಗಿ ಹೇಳಿದವು. ಇನ್ನೇನು, ಒಂದು ಹುಳದ ಮಾತ್ರೆಯಲ್ಲಿ ಲಕ್ಷಾಂತರ ತಾಯಂದಿರು ಉಳಿಯುತ್ತಾರೆ ಎಂಬ ಆಸೆ ಯಾರಿಗೆ ಬರದೆ ಇರುತ್ತದೆ! ಆದರೆ ಬೇರೆ ಪ್ರಯೋಗಾಲಯಗಳವರು ಅದೇ ಕ್ರಮ ಅನುಸರಿಸಿ ನೋಡಿದಾಗ ಹುಳ ಕರಗಿಹೋಯಿತು. ಗಾಜಿನ ಪಟ್ಟಿಗೆ ಮಾದರಿ ಬಳಿದು ಬಣ್ಣ ಹಾಕುವ ಹಾದಿಯಲ್ಲಿ ಹುಟ್ಟಿದ ಆಕಾರಗಳಷ್ಟೇ ಅವು. ಅದೇ ವರ್ಷ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಪುಟ್ಟ ಬರಹವೊಂದರ ತಲೆಬರಹವೇ ‘ಇರದಿದ್ದ ಹುಳ’ ಎಂಬರ್ಥದ್ದು. ಕೆಲವೇ ತಿಂಗಳಲ್ಲಿ ಹುಟ್ಟಿ ಸತ್ತ ಜೀವಿ ಅದು.

ಷಿಕಾಗೋದವರನ್ನು ನೋಡಿ ನಗುವುದು ಸುಲಭ. ರಾಸ್ ಕೂಡ ಎರಡು ವರ್ಷ ತಪ್ಪು ಜಾತಿಯ ಸೊಳ್ಳೆಗಳನ್ನೇ ಕೊಯ್ದರು. ಅವರ ಗುರು ಪ್ಯಾಟ್ರಿಕ್ ಮ್ಯಾನ್ಸನ್ ಅವರಂತೂ ಸೊಳ್ಳೆ ನೀರಿಗೆ ಬಿದ್ದು ಸಾಯುತ್ತದೆ, ಆ ನೀರು ಕುಡಿದವರಿಗೆ ಜ್ವರ ಬರುತ್ತದೆ ಎಂದುಕೊಂಡಿದ್ದರು. ಸೂಕ್ಷ್ಮದರ್ಶಕದ ಮುಂದೆ ಕೂತು ಬಯಸಿದ್ದನ್ನು ಕಾಣುವ ಚಪಲಕ್ಕೆ ಯಾರೂ ಹೊರತಲ್ಲ. ಆದರೆ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಕಂಡ ಕಪ್ಪು ಚುಕ್ಕೆಯ ಕೋಶಗಳನ್ನು ಇಟಲಿಯವರೂ ಕಂಡರು, ಇನ್ನೂ ಹತ್ತು ಕಡೆಯವರು ಕಂಡರು. ಷಿಕಾಗೋದ ಹುಳ ಇನ್ನೊಬ್ಬರ ಮೇಜಿಗೆ ಬರಲೊಲ್ಲದೆ ಹೋಯಿತು.

ಹುಳದ ಕಥೆ ಮುಗಿಯಿತು, ಮಾಸಿನ ಕಥೆ ಮುಗಿಯಲಿಲ್ಲ. ಸಹಜ ಬಸಿರಿನಲ್ಲಿ ಮಾಸಿನ ಜೀವಕೋಶಗಳು ಗರ್ಭಕೋಶದ ಗೋಡೆಯೊಳಕ್ಕೆ ನುಗ್ಗಿ, ಅಲ್ಲಿನ ಸುರುಳಿ ಸುರುಳಿಯಾದ ಕಿರಿದಾದ ರಕ್ತನಾಳಗಳನ್ನು ಅಗಲ ಮಾಡುತ್ತವೆ. ಕಿರುಗಾಲುವೆ ತೂಬಿನ ಮಟ್ಟಕ್ಕೆ ಹಿಗ್ಗಿದಂತೆ, ಮಗುವಿಗೆ ಬೇಕಾದ ರಕ್ತ ಧಾರಾಳವಾಗಿ ಹರಿಯುತ್ತದೆ. ಪ್ರೀ-ಎಕ್ಲಾಂಪ್ಸಿಯಾ ಬರುವವರಲ್ಲಿ, ಅದರಲ್ಲೂ ಬೇಗ ಬರುವವರಲ್ಲಿ, ಈ ಅಗಲೀಕರಣ ಅರ್ಧಕ್ಕೇ ನಿಲ್ಲುತ್ತದೆ. ಉಸಿರು ಕಟ್ಟಿದ ಮಾಸು ತಾಯಿಯ ರಕ್ತಕ್ಕೆ ಕೆಲವು ಪ್ರೋಟೀನುಗಳನ್ನು ಅತಿಯಾಗಿ ಸುರಿಯುತ್ತದೆ. ಅವುಗಳಲ್ಲಿ ಮುಖ್ಯವಾದದ್ದು ಎಸ್‌ಎಫ್‌ಎಲ್‌ಟಿ-1. ರಕ್ತನಾಳದ ಒಳಪದರವನ್ನು ಕಾಯುವ ಪೋಷಕಗಳನ್ನು ಇದು ಹೀರಿಬಿಡುತ್ತದೆ. ಪದರ ಸಡಿಲವಾಗಿ, ನಾಳ ಬಿಗಿದು, ಒತ್ತಡ ಏರಿ, ಮೂತ್ರಪಿಂಡದಲ್ಲಿ ಪ್ರೋಟೀನ್ ಸೋರುತ್ತದೆ. 2003ರಲ್ಲಿ ಬಾಸ್ಟನ್‌ನಲ್ಲಿ ಭಾರತ ಮೂಲದ ಎಸ್. ಅನಂತ ಕರುಮಂಚಿ ಮತ್ತು ಸಂಗಡಿಗರು ಈ ಪ್ರೋಟೀನನ್ನು ಬಸುರಿ ಇಲಿಗಳಲ್ಲಿ ಹೆಚ್ಚಿಸಿ ಬಿ.ಪಿ.ಯನ್ನೂ ಪ್ರೋಟೀನ್ ಸೋರಿಕೆಯನ್ನೂ ತರಿಸಿ ತೋರಿಸಿದರು. ಹಳೆಯ ವೈದ್ಯರ ನಂಜಿನ ಊಹೆ ಪೂರಾ ಸುಳ್ಳಾಗಿರಲಿಲ್ಲ. ನಂಜು ಹೊರಗಿನ ಜೀವಿಯದಲ್ಲ, ಮಾಸಿನದೇ.

ಇಷ್ಟು ತಿಳಿದರೆ ಮಲೇರಿಯಾ ಎಲ್ಲಿ ಕೈ ಹಾಕುತ್ತದೆ ಎಂಬುದು ಗೊತ್ತಾಗುತ್ತದೆ. ಫಾಲ್ಸಿಪಾರಂ ಎಂಬ ಉಗ್ರ ಜಾತಿಯ ಮಲೇರಿಯಾಕ್ಕೆ ಮಾಸೆಂದರೆ ಬಲು ಇಷ್ಟ. ಸೋಂಕು ತಗುಲಿದ ಕೆಂಪು ರಕ್ತಕಣಗಳು ಮಾಸಿನಲ್ಲಿರುವ ಕಾಂಡ್ರಾಯ್ಟಿನ್ ಸಲ್ಫೇಟ್ ಎಂಬ ವಸ್ತುವಿಗೆ ಅಂಟಿ ಕೂರುತ್ತವೆ ಎಂದು ಮಿಖಲ್ ಫ್ರೀಡ್ ಮತ್ತು ಪ್ಯಾಟ್ರಿಕ್ ಡಫಿ 1996ರಲ್ಲಿ ತೋರಿಸಿದರು. ಬೆರಳಿನ ರಕ್ತದಲ್ಲಿ ಪರಾವಲಂಬಿ ಕಾಣದಿದ್ದರೂ ಮಾಸಿನಲ್ಲಿ ಕಿಕ್ಕಿರಿದಿರಬಹುದು. ಅದನ್ನು ಅಟ್ಟಲು ಬಂದ ಬಿಳಿಕಣಗಳು ಅಲ್ಲೇ ಗುಂಪುಗೂಡುತ್ತವೆ, ಮಾಸು ಊದುತ್ತದೆ, ಮಗುವಿನ ತೂಕ ಇಳಿಯುತ್ತದೆ. ಚೊಚ್ಚಲ ಬಸುರಿಗೆ ಪೆಟ್ಟು ಹೆಚ್ಚು. ಮಾಸಿನ ಮಲೇರಿಯಾಕ್ಕೆ ಬೇಕಾದ ರೋಗನಿರೋಧಕ ಶಕ್ತಿ ಒಂದೆರಡು ಬಸಿರು ಕಂಡ ಮೇಲೆ ಬರುತ್ತದೆ. ಪ್ರೀ-ಎಕ್ಲಾಂಪ್ಸಿಯಾ ಕೂಡ ಚೊಚ್ಚಲಿನವರನ್ನೇ ಹೆಚ್ಚು ಕಾಡುವುದು. ಟಾಂಜಾನಿಯಾದ ಮುಹೇಜಾದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಚೊಚ್ಚಲ ಬಸಿರು, ಮಾಸಿನ ಮಲೇರಿಯಾ, ಏರಿದ ಬಿ.ಪಿ., ಏರಿದ ಎಸ್‌ಎಫ್‌ಎಲ್‌ಟಿ-1 ಇವನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಿತು.

ಹಾಗಾದರೆ ಮಲೇರಿಯಾದಿಂದ ಬಿ.ಪಿ. ಬರುತ್ತದೆ ಎಂದು ಬರೆದುಬಿಡೋಣವೇ? ಬರೆಯಲಾಗದು. ಅಲ್ಲಿವರೆಗಿನ ಅಧ್ಯಯನಗಳನ್ನು ರಾಶಿ ಹಾಕಿ ಜಾಲಿಸಿದ 2008ರ ಸಮೀಕ್ಷೆಯೊಂದರಲ್ಲಿ ಬಸುರಿಯರ ಮೂತ್ರನಾಳದ ಸೋಂಕು ಮತ್ತು ವಸಡಿನ ಕಾಯಿಲೆಗೆ ಪ್ರೀ-ಎಕ್ಲಾಂಪ್ಸಿಯಾದ ನಂಟು ಕಂಡಿತು, ಮಲೇರಿಯಾಕ್ಕೆ ಕಾಣಲಿಲ್ಲ. ನನಗನ್ನಿಸುವುದು ಇಷ್ಟು: ಮಲೇರಿಯಾ ದಟ್ಟವಾಗಿರುವ ಆಫ್ರಿಕಾದ ಊರುಗಳಲ್ಲಿ, ಚೊಚ್ಚಲ ಬಸುರಿಯರಲ್ಲಿ, ಬಿ.ಪಿ. ಏರಿಕೆಯ ಒಂದು ಪಾಲು ಮಲೇರಿಯಾದ್ದಿರಬಹುದು. ಅದನ್ನು ಎತ್ತಿ ತಂದು ಇಂದಿರಾನಗರದ ಬಸುರಿಯ ಮೇಲೆ ಹೊರಿಸುವುದು ತರವಲ್ಲ. ಮುಂಬೈನ ದೊಡ್ಡ ಆಸ್ಪತ್ರೆಯೊಂದರ ದಾಖಲೆಗಳಲ್ಲಿ ಮಳೆಗಾಲದಲ್ಲಿ ಎಕ್ಲಾಂಪ್ಸಿಯಾ ಹೆಚ್ಚಾಗುವುದು ಕಂಡಿದೆ. ಮಳೆ ಎಂದೊಡನೆ ಸೊಳ್ಳೆ ನೆನಪಾಗುತ್ತದೆ ನಿಜ, ಆದರೆ ಮಳೆಯೊಂದಿಗೆ ತಂಪು, ತೇವಾಂಶ, ಆಸ್ಪತ್ರೆ ತಲುಪಲಾಗದ ರಸ್ತೆ ಎಲ್ಲವೂ ಬರುತ್ತವೆ.

ಬೆಂಗಳೂರಿನಲ್ಲಿ ಇಂದು ಹುಟ್ಟುವ ಮಲೇರಿಯಾ ಕಡಿಮೆ. ಬಂದರೂ ಹೆಚ್ಚಿನ ಪಾಲು ವೈವಾಕ್ಸ್ ಜಾತಿಯದು, ಮಾಸಿಗೆ ಅಷ್ಟಾಗಿ ಅಂಟದ ಬಗೆ. ಆದರೆ ಕೆ.ಆರ್. ಪುರದ ತೂಗುಸೇತುವೆ ದಾಟಿ ವೈಟ್‌ಫೀಲ್ಡ್ ಕಡೆ ಹೋದರೆ ಏಳುತ್ತಿರುವ ಕಟ್ಟಡಗಳ ಪಕ್ಕ ತಗಡಿನ ಶೆಡ್ಡುಗಳ ಸಾಲು. ಒಡಿಶಾ, ಜಾರ್ಖಂಡ್, ಛತ್ತೀಸ್‌ಗಢದಿಂದ ಬಂದ ಕೂಲಿಕಾರರ ಮನೆಗಳವು. ಫಾಲ್ಸಿಪಾರಂ ಇನ್ನೂ ಜೋರಾಗಿರುವ ಕಾಡು ಜಿಲ್ಲೆಗಳು ಆ ರಾಜ್ಯಗಳಲ್ಲಿವೆ. ಅಲ್ಲಿಂದ ಬಂದ ಬಸುರಿಗೆ ಜ್ವರ ಬಂದರೆ ಡೆಂಗಿಯೊಂದನ್ನೇ ನೋಡಿ ಸುಮ್ಮನಾಗುವಂತಿಲ್ಲ. ‘ಊರಿಗೆ ಹೋಗಿ ಯಾವಾಗ ಬಂದಿರಿ?’ ಎಂಬ ಒಂದು ಪ್ರಶ್ನೆ, ಬೆರಳ ತುದಿಯ ಹನಿ ರಕ್ತದ ಪರೀಕ್ಷೆ, ಇಷ್ಟು ಸಾಕು. ಔಷಧಿಯಿದೆ. ಮೊದಲ ಮೂರು ತಿಂಗಳಲ್ಲೂ ಆರ್ಟಿಮೀಥರ್-ಲೂಮಿಫ್ಯಾಂಟ್ರಿನ್ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಪ್ರೈಮಾಕ್ವಿನ್ ಮಾತ್ರ ಬಸುರಿಗೆ ಕೂಡದು. ಆದ್ದರಿಂದ ಹಿಂದಿನ ಸಲ ಮನೆಯಲ್ಲಿ ಉಳಿದ ಮಾತ್ರೆ ನುಂಗುವ ಅಭ್ಯಾಸ ಅಪಾಯ.

ಮಲೇರಿಯಾಕ್ಕೂ ಎಕ್ಲಾಂಪ್ಸಿಯಾಕ್ಕೂ ಸಂಬಂಧ ಇಲ್ಲದಿದ್ದರೂ ವೇಷ ಒಂದೇ ಆಗಿರಬಹುದು, ತುರ್ತು ವಾರ್ಡಿನಲ್ಲಿ ನಿಜವಾದ ತಲೆನೋವು ಅದು. ಮಧ್ಯರಾತ್ರಿ ಫಿಟ್ಸ್ ಬಂದು ಪ್ರಜ್ಞೆ ತಪ್ಪಿದ ಎಂಟು ತಿಂಗಳ ಬಸುರಿಯನ್ನು ಆಟೋದಲ್ಲಿ ತಂದಿದ್ದಾರೆ ಅನ್ನಿ. ಎಕ್ಲಾಂಪ್ಸಿಯಾ ಇರಬಹುದು, ಮಿದುಳಿಗೇರಿದ ಮಲೇರಿಯಾ ಇರಬಹುದು. ಪ್ಲೇಟ್‌ಲೆಟ್ ಎರಡರಲ್ಲೂ ಇಳಿಯುತ್ತದೆ, ಯಕೃತ್ತು ಎರಡರಲ್ಲೂ ಕೆಡುತ್ತದೆ. ಸುಡುವ ಜ್ವರ ಒಂದು ಕಡೆ, ಏರಿದ ಬಿ.ಪಿ. ಇನ್ನೊಂದು ಕಡೆ ಕೈ ತೋರಿಸುತ್ತವೆ. ಮೂರನೆಯ ಅಭ್ಯರ್ಥಿಯೂ ಒಂದಿದೆ: ಮಿದುಳಿನಲ್ಲಿ ಕೂತ ಲಾಡಿಹುಳದ ಮರಿ. ನಿಮ್ಹಾನ್ಸ್‌ನವರು ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಸಮೀಕ್ಷಿಸಿದಾಗ ಸಾವಿರಕ್ಕೆ ಸುಮಾರು ಒಂಬತ್ತು ಮಂದಿಗೆ ಮೂರ್ಛೆರೋಗ ಕಂಡಿತ್ತು, ಹಳ್ಳಿಗಳಲ್ಲಿ ಪೇಟೆಯ ಎರಡರಷ್ಟು. ನಮ್ಮ ದೇಶದಲ್ಲಿ ದೊಡ್ಡವರಾದ ಮೇಲೆ ಬರುವ ಮೂರ್ಛೆಗೆ ಈ ಹುಳದ ಗಂಟು ಸಾಮಾನ್ಯ ಕಾರಣಗಳಲ್ಲಿ ಒಂದು. ಹಂದಿಮಾಂಸ ಮುಟ್ಟದವರಿಗೂ ಬರುತ್ತದೆ. ಹುಳದ ಮೊಟ್ಟೆ ಸೇರುವುದು ಮನುಷ್ಯರ ಮಲ ಬೆರೆತ ನೀರಿನಿಂದ, ಅಂಥ ನೀರು ಕುಡಿದು ಬೆಳೆದ ಸೊಪ್ಪಿನಿಂದ. ಬೆಳ್ಳಂದೂರು, ವರ್ತೂರು ಕೆರೆಗಳ ಕೆಳಗಿನ ಕಡೆ ಏನು ಹರಿಯುತ್ತದೆಂದು ಪೂರ್ವ ಬೆಂಗಳೂರಿನವರಿಗೆ ನಾನು ಹೇಳಬೇಕಿಲ್ಲ. ಕೊತ್ತಂಬರಿ, ಮೂಲಂಗಿ, ಹಸಿ ಸಲಾಡನ್ನು ಚೆನ್ನಾಗಿ ತೊಳೆದು ತಿನ್ನುವುದಕ್ಕೆ ಬಸಿರೇ ಆಗಬೇಕೆಂದಿಲ್ಲ. ವೈದ್ಯರ ನಿಯಮ ಮಾತ್ರ ಸರಳ: ಇಪ್ಪತ್ತು ವಾರ ದಾಟಿದ ಬಸುರಿಗೆ ಫಿಟ್ಸ್ ಬಂದರೆ, ಬೇರೆ ಕಾರಣ ಸಾಬೀತಾಗುವವರೆಗೆ ಅದು ಎಕ್ಲಾಂಪ್ಸಿಯಾ. ಮೊದಲು ಮೆಗ್ನೀಷಿಯಂ ಸಲ್ಫೇಟ್ ಚುಚ್ಚುಮದ್ದು, ಸ್ಕ್ಯಾನ್ ಆಮೇಲೆ. 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಅಗ್ಗದ ಲವಣ ಪ್ರೀ-ಎಕ್ಲಾಂಪ್ಸಿಯಾದವರಿಗೆ ಫಿಟ್ಸ್ ಬರುವ ಅಪಾಯವನ್ನು ಅರ್ಧಕ್ಕಿಳಿಸಿತ್ತು.

ಹುಳದ ಮಾತ್ರೆಯ ವಿಚಾರಕ್ಕೆ ಬಂದರೆ, ಎರಡನೇ ತ್ರೈಮಾಸಿಕದಲ್ಲಿ 400 ಮಿಲಿಗ್ರಾಂ ಆಲ್ಬೆಂಡಜೋಲ್ ಒಂದು ಸಲ ಕೊಡುವುದು ಸರ್ಕಾರದ ಕ್ರಮ. ಅದು ಕೊಕ್ಕೆಹುಳ ರಕ್ತ ಹೀರುವುದನ್ನು ತಡೆಯಲು, ಬಿ.ಪಿ.ಗೆ ಅಲ್ಲ. ಕರ್ನಾಟಕದ ಬಸುರಿಯರಲ್ಲಿ ನೂರಕ್ಕೆ ಸುಮಾರು 45 ಮಂದಿಗೆ ರಕ್ತಹೀನತೆ ಇದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಹೆರಿಗೆಯಲ್ಲಿ ರಕ್ತ ಹೋದಾಗ ತಡೆದುಕೊಳ್ಳಲು ಇಂಥವರಲ್ಲಿ ಉಳಿತಾಯವೇ ಇರುವುದಿಲ್ಲ, ಮೇಲಿಂದ ಬಿ.ಪಿ. ಸೇರಿದರೆ ಕಥೆ ಕೆಟ್ಟಂತೆ. ಹುಳದ ಮಾತ್ರೆ ತಿಂದಾಯಿತು, ಇನ್ನು ಎಲ್ಲ ಸರಿಹೋಗುತ್ತದೆ ಎಂದುಕೊಂಡು ಮುಂದಿನ ತಪಾಸಣೆ ತಪ್ಪಿಸುವುದಂತೂ ಬೇಡ.

ಬಿ.ಪಿ. ಏರದಂತೆ ತಡೆಯಲು ಸ್ವಲ್ಪವಾದರೂ ಕೆಲಸ ಮಾಡುವ ಎರಡು ವಸ್ತುಗಳಿವೆ. ಅಪಾಯ ಹೆಚ್ಚಿರುವವರಿಗೆ ವೈದ್ಯರು ಹದಿನಾರು ವಾರದೊಳಗೆ ಶುರು ಮಾಡುವ ಕಡಿಮೆ ಪ್ರಮಾಣದ ಆಸ್ಪಿರಿನ್ ಒಂದು. ಇನ್ನೊಂದು ಕ್ಯಾಲ್ಸಿಯಂ, ಅದರಲ್ಲಿ ಬೆಂಗಳೂರಿನ ಪಾಲು ದೊಡ್ಡದು. ದಿನಕ್ಕೆ 1,500ರಿಂದ 2,000 ಮಿಲಿಗ್ರಾಂ ಕ್ಯಾಲ್ಸಿಯಂ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು. ಅಷ್ಟು ದಪ್ಪನೆಯ ಮಾತ್ರೆಗಳನ್ನು, ಕಬ್ಬಿಣದ ಮಾತ್ರೆಯ ಹೊತ್ತು ತಪ್ಪಿಸಿ, ದಿನಾ ಮೂರು ಸಲ ನುಂಗುವವರು ಯಾರು? ಇಲ್ಲಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಬೆಂಗಳೂರಿನ 11,000 ಚೊಚ್ಚಲ ಬಸುರಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 500, ಇನ್ನೊಂದಕ್ಕೆ 1,500 ಮಿಲಿಗ್ರಾಂ ಕೊಟ್ಟು ನೋಡಿದರು. ಟಾಂಜಾನಿಯಾದಲ್ಲೂ ಅಷ್ಟೇ ದೊಡ್ಡ ಪ್ರಯೋಗ ನಡೆಯಿತು. 2024ರ ಜನವರಿಯಲ್ಲಿ ಫಲಿತಾಂಶ ಬಂತು. ಬೆಂಗಳೂರಿನಲ್ಲಿ ಕಡಿಮೆ ತಿಂದವರಲ್ಲಿ ನೂರಕ್ಕೆ 3.0, ಹೆಚ್ಚು ತಿಂದವರಲ್ಲಿ 3.6 ಮಂದಿಗೆ ಪ್ರೀ-ಎಕ್ಲಾಂಪ್ಸಿಯಾ. ಅಂದರೆ ಒಂದು ಮಾತ್ರೆ ಮೂರಕ್ಕೆ ಸಮ. ಈ ನಗರದ ಬಸುರಿಯರು ಜಗತ್ತಿಗೆ ಕೊಟ್ಟ ಉತ್ತರ ಇದು. ಷಿಕಾಗೋದ ಹುಳಕ್ಕೆ ಸಿಕ್ಕಷ್ಟು ಪ್ರಚಾರ ಇದಕ್ಕೆ ಸಿಗಲಿಲ್ಲ.

ಇಷ್ಟೆಲ್ಲ ತಿಳಿದರೂ ತಾಯಂದಿರು ಯಾಕೆ ಕೈತಪ್ಪಿ ಹೋಗುತ್ತಾರೆ? 2018–20ರ ಲೆಕ್ಕದಲ್ಲಿ ಕರ್ನಾಟಕದ ತಾಯಂದಿರ ಮರಣ ಲಕ್ಷ ಜೀವಂತ ಜನನಕ್ಕೆ 69. ಕೇರಳದಲ್ಲಿ ಅದು 19. ದಕ್ಷಿಣದ ರಾಜ್ಯಗಳಲ್ಲಿ ನಮ್ಮದೇ ಹೆಚ್ಚು. ನನ್ನ ಮಟ್ಟಿಗೆ ಒಂದು ಕಾರಣ ನಮ್ಮ ಅಕ್ಕರೆಯ ಪದ್ಧತಿಯಲ್ಲೇ ಇದೆ. ಚೊಚ್ಚಲ ಹೆರಿಗೆ ತವರಿನಲ್ಲಿ. ಏಳನೇ ತಿಂಗಳಲ್ಲೋ ಒಂಬತ್ತರಲ್ಲೋ ಸೀಮಂತ ಮುಗಿಸಿ, ಹಸಿರು ಬಳೆ ತೊಡಿಸಿ, ಹುಡುಗಿಯನ್ನು ಕೋಲಾರಕ್ಕೋ ಕೆಜಿಎಫ್‌ಗೋ ವಾಣಿಯಂಬಾಡಿಗೋ ಕರೆದೊಯ್ಯುತ್ತಾರೆ. ಶಿವಾಜಿನಗರದ ದಖ್ಖನಿ ಮನೆಗಳಲ್ಲಿ, ಹಲಸೂರಿನ ತಮಿಳು ಮನೆಗಳಲ್ಲಿ, ಕನ್ನಡದ ಮನೆಗಳಲ್ಲಿ ಇದೊಂದು ವಿಷಯಕ್ಕೆ ಭೇದವಿಲ್ಲ. ಪ್ರೀ-ಎಕ್ಲಾಂಪ್ಸಿಯಾ ಹೆಚ್ಚಾಗಿ ತಲೆ ಎತ್ತುವುದು ಕೊನೆಯ ಎರಡು ತಿಂಗಳಲ್ಲಿ, ಚೊಚ್ಚಲಿನವರಲ್ಲಿ. ಸರಿಯಾಗಿ ಆ ಹೊತ್ತಿಗೇ ಅವಳ ಆಸ್ಪತ್ರೆ ಬದಲಾಗುತ್ತದೆ, ಆಶಾ ಕಾರ್ಯಕರ್ತೆ ಬದಲಾಗುತ್ತಾಳೆ, ಕೆಲವೊಮ್ಮೆ ರಾಜ್ಯವೇ ಬದಲಾಗುತ್ತದೆ. ತಿಂಗಳಿನಿಂದ ತಿಂಗಳಿಗೆ ಬರೆದಿಟ್ಟ ಬಿ.ಪಿ. ಅಂಕಿಗಳಿರುವ ತಾಯಿ ಕಾರ್ಡ್ ಗಂಡನ ಮನೆಯ ಬೀರುವಿನಲ್ಲೇ ಉಳಿಯುತ್ತದೆ. 110/70 ಇದ್ದವಳು 136/88ಕ್ಕೆ ಬಂದಿದ್ದಾಳೆ ಎಂಬುದು ಹಳೆಯ ಅಂಕಿ ಕಂಡವರಿಗೆ ಎಚ್ಚರಿಕೆ. ಕಾಣದವರಿಗೆ ಅದು ಗಡಿಯೊಳಗಿನ ಸಂಖ್ಯೆ. ಜೊತೆಗೆ ‘ಕಾಲು ಬಾತಿದೆ’ ಎಂದರೆ ‘ಎಲ್ಲ ಬಸುರಿಯರಿಗೂ ಬರುತ್ತೆ ಬಿಡಮ್ಮ’ ಎನ್ನುವ ಸಮಾಧಾನ ಬೇರೆ. ಕಾಲಿನ ಊತ ಎಷ್ಟೋ ಸಲ ನಿರುಪದ್ರವಿ ಹೌದು. ಮುಖ ಊದಿಕೊಂಡರೆ, ತಲೆ ಸಿಡಿದರೆ, ಕಣ್ಣು ಮಂಜಾದರೆ, ಬಲ ಪಕ್ಕೆಲುಬಿನ ಕೆಳಗೆ ನೋವೆದ್ದರೆ ಸಮಾಧಾನದ ಮಾತು ಅಲ್ಲಿಗೆ ನಿಲ್ಲಬೇಕು.

ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಕೆಎಲ್‌ಇ ಸಂಸ್ಥೆಯವರು ಆಶಾ ಕಾರ್ಯಕರ್ತೆಯರು ಮತ್ತು ಎಎನ್‌ಎಂ ದಾದಿಯರ ಕೈಗೆ ಬಿ.ಪಿ. ಯಂತ್ರ, ಮೊಬೈಲ್ ಕೊಟ್ಟು ಮನೆಮನೆಗೆ ಕಳಿಸಿ ಪ್ರಯೋಗ ಮಾಡಿದ್ದರು. ಅಳೆಯುವ ಕೆಲಸ ಅವರು ಚೆನ್ನಾಗಿಯೇ ಮಾಡಿದರು, ಆದರೂ ತಾಯಿ-ಮಗುವಿನ ಸಾವುನೋವು ಒಟ್ಟಾರೆ ಗಮನಾರ್ಹವಾಗಿ ಇಳಿಯಲಿಲ್ಲ. ಅಳೆದ ಮೇಲೆ ಕರೆದೊಯ್ಯುವ ಆಸ್ಪತ್ರೆ ಗಟ್ಟಿಯಿರಬೇಕು, ಹಾಸಿಗೆಯೂ ವೈದ್ಯರೂ ಇರಬೇಕು. ಆ ಲೆಕ್ಕದಲ್ಲಿ ದಂಡಿನವರು ಪುಣ್ಯವಂತರು. ಬೌರಿಂಗ್ ಆಸ್ಪತ್ರೆ 1868ರಿಂದ ಇಲ್ಲೇ ಇದೆ. ಇಲ್ಲಿನ ತೊಂದರೆ ಬೇರೆ: ಸಾಲು ಉದ್ದ, ಸಮಯ ಕಡಿಮೆ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದವಳ ಬುರ್ಖಾದ ತೋಳಿನ ಮೇಲೋ ಸ್ವೆಟರ್ ಮೇಲೋ ಪಟ್ಟಿ ಸುತ್ತಿದರೆ ಬರುವ ಅಂಕಿಗೆ ಅರ್ಥವಿಲ್ಲ. ಐದು ನಿಮಿಷ ಕೂತು, ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೂರಿ, ಬರಿ ತೋಳನ್ನು ಎದೆಯ ಮಟ್ಟಕ್ಕಿಟ್ಟು ಅಳೆಯಬೇಕು. ಹೆಚ್ಚು ಬಂದರೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ. ಇದನ್ನು ಕೇಳಿ ಪಡೆಯಲು ಬಸುರಿ ಸಂಕೋಚಪಡಬೇಕಿಲ್ಲ.

ಹೆರಿಗೆಯಾದ ಮೇಲೆ ಅಪಾಯ ತೀರಿತು ಅನ್ನುವುದೂ ಪೂರ್ತಿ ನಿಜವಲ್ಲ. ಬಾಣಂತಿಯ ಬಿ.ಪಿ. ಹೆಚ್ಚು ಏರುವುದು ಮೂರರಿಂದ ಆರನೇ ದಿನದೊಳಗೆ. ಸಹಜ ಹೆರಿಗೆಯಾದವರು ಅಷ್ಟರಲ್ಲಿ ಮನೆ ಸೇರಿ, ಕಿವಿಗೆ ಹತ್ತಿ, ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿರುತ್ತಾರೆ. ತಲೆನೋವು ಎಂದರೆ ಶೀತ, ನಿದ್ದೆಗೇಡು ಎಂದು ಅಜ್ಜಿ ಹೇಳುತ್ತಾಳೆ. ಬಸಿರಿನಲ್ಲಿ ಒಮ್ಮೆಯಾದರೂ ಬಿ.ಪಿ. ಏರಿದ್ದವಳಿಗೆ ಆ ವಾರ ದಿನಾ ಒಮ್ಮೆ, ಆಮೇಲೂ ಆರು ವಾರದವರೆಗೆ ಆಗಾಗ ಅಳೆಸಬೇಕು. ನರ್ಸ್ ಆಗಲಿ, ಬೀದಿ ಕೊನೆಯ ನಮ್ಮ ಕ್ಲಿನಿಕ್ ಆಗಲಿ, ಯಾರಾದರೂ ಸರಿ. ಮೇಲಿನದು 160 ಅಥವಾ ಕೆಳಗಿನದು 110 ಮುಟ್ಟಿದರೆ ಬೆಳಗಾಗುವವರೆಗೆ ಕಾಯದೆ 108ಕ್ಕೆ ಕರೆ ಮಾಡಬೇಕು. ಹೊರಡುವಾಗ ತಾಯಿ ಕಾರ್ಡ್ ಜೊತೆಗಿರಲಿ.